ಮಿಲ್ಟ್ರಿಯವ್ರ ಜೊತೆ ಮಾತಾಡೋದು ಹೇಗೆ? ಆರ್ಮಿ, ನೇವಿ, ಏರ್ ಫೋರ್ಸ್ ಸಲ್ಯೂಟು, ಕರೆಯೋ ರೀತಿ, ಒಳಗಿನ ಭಾಷೆ

2022ರಲ್ಲಿ ಅಗ್ನಿಪಥ್ ಶುರುವಾದ್ಮೇಲೆ ನನಗೆ ಬರೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರ್ತವೆ. ಮಗ ಫೋನಲ್ಲಿ ಫಾಲಿನ್ ಅಂತಾನೆ, ಫಟೀಗ್ ಅಂತಾನೆ, ಏನದು ಅಂತ ಅಮ್ಮಂದಿರು ಕೇಳ್ತಾರೆ. ಪಾಸಿಂಗ್ ಔಟ್ ಪರೇಡಿಗೆ ಹೋಗ್ತಿದೀವಿ, ಆಫೀಸರ್ ಎದುರಿಗೆ ಬಂದ್ರೆ ಸಲ್ಯೂಟ್ ಹೊಡೀಬೇಕಾ ಅಂತ ಅಪ್ಪಂದಿರು ಕೇಳ್ತಾರೆ. ಇನ್ನು ಹೆಣ್ಣು ಕೊಡೋ ಮನೆಯವ್ರದ್ದು ಬೇರೆ ಲೆಕ್ಕ: ಒಬ್ಬ ಹುಡುಗ ನೇವಿಲಿ ಲೆಫ್ಟಿನೆಂಟ್ ಅಂತೆ, ಇನ್ನೊಬ್ಬ ಆರ್ಮಿಲಿ ಕ್ಯಾಪ್ಟನ್ ಅಂತೆ, ಯಾರು ದೊಡ್ಡೋರು ಸ್ವಲ್ಪ ಹೇಳಿ ಅಂತ. ಅದಕ್ಕೇ ಎಲ್ಲಾ ಒಂದೇ ಕಡೆ ಬರೆದುಬಿಡೋಣ ಅಂತ ಕೂತೆ. ನಾನು ಏರ್ ಫೋರ್ಸ್ ಕಡೆಯೋನು, ಅಲ್ಲಲ್ಲಿ ಪಕ್ಷಪಾತ ಕಂಡ್ರೆ ತಡ್ಕೊಳ್ಳಿ.

ಶುರು ಮಾಡೋಕೆ ಮುಂಚೆ ನಿಮ್ಮ ಹತ್ರ ಮೂರು ವಿಷಯ ಇರ್ಬೇಕು. ಆ ವ್ಯಕ್ತಿ ಯಾವ ಫೋರ್ಸು, ಯಾವ ರ‍್ಯಾಂಕು, ಈಗ ಸರ್ವೀಸಲ್ಲಿ ಇದಾರಾ ಇಲ್ಲಾ ರಿಟೈರ್ಡಾ. ಆರ್ಮಿಯವ್ರಾದ್ರೆ ಯಾವ ರೆಜಿಮೆಂಟು ಅಂತಾನೂ ಕೇಳಿಟ್ಕೊಳ್ಳಿ, ಯಾಕೆ ಅಂತ ಮುಂದೆ ಬರುತ್ತೆ. ಇಷ್ಟು ಗೊತ್ತಿಲ್ದೆ ಕೆಳಗಿನ ಯಾವ ಹಂತಾನೂ ಉಪಯೋಗಕ್ಕೆ ಬರಲ್ಲ.

ಹಂತ 1: ಎಲ್ಲಾರ್ನೂ ‘ಮಿಲ್ಟ್ರಿ’ ಅನ್ನೋದು ಬಿಡಿ

ನಮ್ಮ ಊರುಗಳಲ್ಲಿ ಯೂನಿಫಾರ್ಮ್ ಹಾಕಿ ರೈಲಿಂದ ಇಳಿದೋರೆಲ್ಲಾ ಮಿಲ್ಟ್ರಿಯವ್ರೇ. ಬಿಎಸ್ಎಫ್, ಸಿಆರ್‌ಪಿಎಫ್, ಸಿಐಎಸ್ಎಫ್ ಎಲ್ಲಾ ಸೇರಿಸಿ ಹಾಗೇ ಅಂತೀವಿ. ಅವ್ರು ಗಡಿ ಕಾಯ್ತಾರೆ, ಗುಂಡು ತಿಂತಾರೆ, ಅದರಲ್ಲಿ ಕಮ್ಮಿ ಇಲ್ಲ. ಆದ್ರೆ ಅವು ಗೃಹ ಇಲಾಖೆ ಕೆಳಗೆ ಬರೋ ಸಶಸ್ತ್ರ ಪೊಲೀಸ್ ಪಡೆಗಳು, ಅಲ್ಲಿನ ರ‍್ಯಾಂಕು ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್, ಅಸಿಸ್ಟೆಂಟ್ ಕಮಾಂಡೆಂಟ್ ಅಂತ ಹೋಗುತ್ತೆ. ಬಿಎಸ್ಎಫ್ ಹೆಡ್ ಕಾನ್‌ಸ್ಟೇಬಲ್‌ನ ‘ಹವಾಲ್ದಾರ್ರೇ’ ಅಂತ ಕರೆದ್ರೆ ಅವ್ರು ನಕ್ಕು ಸುಮ್ನಾಗ್ತಾರೆ, ಆದ್ರೆ ಆರ್ಮಿ ಹವಾಲ್ದಾರನ್ನ ‘ಕಾನ್‌ಸ್ಟೇಬಲ್’ ಅಂದ್ರೆ ಅಷ್ಟು ಸುಲಭಕ್ಕೆ ನಗಲ್ಲ.

ಬಣ್ಣ ನೋಡಿ ಗುರುತಿಸ್ಬೇಕು ಅಂದ್ರೆ ಆರ್ಮಿ ಆಲಿವ್ ಗ್ರೀನ್ ಇಲ್ಲಾ ಕಾಂಬ್ಯಾಟ್ ಡ್ರೆಸ್, ನೇವಿ ಬಿಳಿ, ಏರ್ ಫೋರ್ಸ್ ತಿಳಿನೀಲಿ ಶರ್ಟು. ಕಾಂಬ್ಯಾಟ್ ಪ್ಯಾಟರ್ನ್ ಮಾತ್ರ ನಂಬ್ಬೇಡಿ, ಅದೇ ಥರದ್ದು ಬೇರೆ ಪಡೆಗಳೂ ಹಾಕ್ತವೆ, ಸಂತೆಲೂ ಸಿಗುತ್ತೆ. ಅನುಮಾನ ಇದ್ರೆ ‘ಯಾವ ಫೋರ್ಸಲ್ಲಿದೀರಿ ಸರ್’ ಅಂತ ನೇರವಾಗಿ ಕೇಳಿ, ಯಾರೂ ತಪ್ಪು ತಿಳಿಯಲ್ಲ, ತಪ್ಪು ಊಹೆ ಮಾಡೋದಕ್ಕಿಂತ ಅದೇ ವಾಸಿ.

ಹಂತ 2: ರ‍್ಯಾಂಕಿನ ಏಣಿ, ಮುಖ್ಯವಾಗಿ ‘ಕ್ಯಾಪ್ಟನ್’ ಗುಂಡಿ

ಮೂರೂ ಫೋರ್ಸಲ್ಲಿ ಮೂರು ಮಜಲು ಇದೆ ಅಂತ ಇಟ್ಕೊಳ್ಳಿ. ಕೆಳಗೆ ಜವಾನರು, ನೇವಿಲಿ ಸೇಲರ್, ಏರ್ ಫೋರ್ಸಲ್ಲಿ ಏರ್‌ಮನ್. ಇವ್ರಲ್ಲೇ ಅನುಭವ ಆದ್ಮೇಲೆ ಮೇಲೆ ಬಂದೋರು ನಡುವಿನ ಮಜಲು, ಅಂದ್ರೆ ಆರ್ಮಿಲಿ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್, ಇವ್ರಿಗೆ ಜೆಸಿಒ ಅಂತಾರೆ. ನೇವಿಲಿ ಮಾಸ್ಟರ್ ಚೀಫ್, ಏರ್ ಫೋರ್ಸಲ್ಲಿ ವಾರಂಟ್ ಆಫೀಸರ್ ಹೆಚ್ಚುಕಮ್ಮಿ ಇದೇ ಮಟ್ಟ. ಅದರ ಮೇಲೆ ಕಮಿಷನ್ಡ್ ಆಫೀಸರ್‌ಗಳು, ಎನ್‌ಡಿಎ, ಐಎಂಎ, ಏಳಿಮಲ ನೇವಲ್ ಅಕಾಡೆಮಿ, ದುಂಡಿಗಲ್ ಏರ್ ಫೋರ್ಸ್ ಅಕಾಡೆಮಿ ಇಂಥ ಕಡೆ ಟ್ರೇನಿಂಗ್ ಮುಗಿಸಿ ಬಂದೋರು.

ಈಗ ಹೆಣ್ಣು ಕೊಡೋರ ಪ್ರಶ್ನೆಗೆ ಉತ್ತರ: ನೇವಿ ಲೆಫ್ಟಿನೆಂಟೂ ಆರ್ಮಿ ಕ್ಯಾಪ್ಟನ್ನೂ ಸಮ. ಏರ್ ಫೋರ್ಸಲ್ಲಿ ಅದೇ ಮಟ್ಟಕ್ಕೆ ಫ್ಲೈಟ್ ಲೆಫ್ಟಿನೆಂಟ್ ಅಂತಾರೆ. ಆರ್ಮಿ ಲೆಫ್ಟಿನೆಂಟಿಗೆ ಸಮ ನೇವಿಲಿ ಸಬ್ ಲೆಫ್ಟಿನೆಂಟ್, ಏರ್ ಫೋರ್ಸಲ್ಲಿ ಫ್ಲೈಯಿಂಗ್ ಆಫೀಸರ್. ಆದ್ರೆ ನೇವಿಲಿ ಯಾರಾದ್ರೂ ‘ಕ್ಯಾಪ್ಟನ್’ ಅಂದ್ರೆ ಎದ್ದು ನಿಲ್ಲಿ, ಯಾಕಂದ್ರೆ ಅದು ಆರ್ಮಿಯ ಕರ್ನಲ್‌ಗೆ, ಏರ್ ಫೋರ್ಸಿನ ಗ್ರೂಪ್ ಕ್ಯಾಪ್ಟನ್‌ಗೆ ಸಮ. ಆರ್ಮಿ ಕ್ಯಾಪ್ಟನ್ನಿಗೆ ಇಪ್ಪತ್ತೈದು ಮೂವತ್ತು ವಯಸ್ಸಿರುತ್ತೆ, ನೇವಿ ಕ್ಯಾಪ್ಟನ್ ತಲೆ ನರೆತೋರು. ಇದರ ಮೇಲೆ ಇನ್ನೊಂದು ಗೊಂದಲ, ಯುದ್ಧನೌಕೆ ನಡೆಸೋ ಆಫೀಸರ್ ರ‍್ಯಾಂಕಲ್ಲಿ ಕಮಾಂಡರ್ ಇದ್ರೂ ಆ ಶಿಪ್ಪಿನ ಜನ ಅವ್ರನ್ನ ಕ್ಯಾಪ್ಟನ್ ಅಂತಾನೇ ಕರೀತಾರೆ, ಅದು ಹುದ್ದೆ, ರ‍್ಯಾಂಕಲ್ಲ.

ಉಡುಪಿ ಮಂಗಳೂರು ಕಡೆಯವ್ರಿಗೆ ಇನ್ನೊಬ್ಬ ಕ್ಯಾಪ್ಟನ್ನೂ ಗೊತ್ತು, ಮರ್ಚೆಂಟ್ ನೇವಿ ಕ್ಯಾಪ್ಟನ್. ಅದು ಸರಕು ಹಡಗಿನ ಕೆಲಸ, ಸೈನ್ಯಕ್ಕೂ ಅದಕ್ಕೂ ಸಂಬಂಧ ಇಲ್ಲ, ‘ನೇವಿ’ ಅನ್ನೋ ಪದ ಕೇಳಿ ಮೋಸ ಹೋಗ್ಬೇಡಿ. ವಿಮಾನ ಕಂಪನಿ ಪೈಲಟ್‌ಗೂ ಕ್ಯಾಪ್ಟನ್ ಅಂತಾರೆ. ಏರ್ ಡೆಕ್ಕನ್ ಕಟ್ಟಿದ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವ್ರನ್ನ ತುಂಬಾ ಜನ ಪೈಲಟ್ ಕ್ಯಾಪ್ಟನ್ ಅಂದ್ಕೊಂಡಿರ್ತಾರೆ, ಅವ್ರ ಹೆಸರಿನ ಮುಂದಿರೋದು ಆರ್ಮಿ ಕ್ಯಾಪ್ಟನ್.

ಭುಜ ನೋಡಿ ರ‍್ಯಾಂಕ್ ಹೇಳೋಕೆ ಹೋದಾಗ ಎಡವೋ ಜಾಗ ಒಂದಿದೆ. ಆರ್ಮಿ ಲೆಫ್ಟಿನೆಂಟಿಗೂ ಎರಡು ನಕ್ಷತ್ರ, ಸುಬೇದಾರ್ರಿಗೂ ಎರಡು ನಕ್ಷತ್ರ. ವ್ಯತ್ಯಾಸ ಏನಂದ್ರೆ ಸುಬೇದಾರ್ರ ನಕ್ಷತ್ರದ ಜೊತೆ ಅಡ್ಡಕ್ಕೆ ಒಂದು ಸಣ್ಣ ಪಟ್ಟಿ ಇರುತ್ತೆ, ಕೆಂಪು ಹಳದಿ ಕೆಂಪು. ಪಟ್ಟಿ ಇದ್ರೆ ಜೆಸಿಒ, ಇಲ್ದಿದ್ರೆ ಆಫೀಸರ್. ತೋಳ ಮೇಲೆ ವಿ ಆಕಾರದ ಪಟ್ಟಿ ಒಂದು ಇದ್ರೆ ಲ್ಯಾನ್ಸ್ ನಾಯಕ್, ಎರಡಿದ್ರೆ ನಾಯಕ್, ಮೂರಿದ್ರೆ ಹವಾಲ್ದಾರ್. ಹವಾಲ್ದಾರಿಗೆ ಸಮ ನೇವಿಲಿ ಪೆಟಿ ಆಫೀಸರ್, ಏರ್ ಫೋರ್ಸಲ್ಲಿ ಸಾರ್ಜೆಂಟ್. ಪೆಟಿ ಆಫೀಸರ್ ಅನ್ನೋದ್ರಲ್ಲಿ ‘ಆಫೀಸರ್’ ಇದೆ ಅಂತ ಊರಲ್ಲಿ ‘ಮಗ ಆಫೀಸರ್ ಆದ’ ಅಂತ ಸ್ವೀಟ್ ಹಂಚಿದ ಮನೆಗಳಿವೆ. ಪ್ರಮೋಷನ್ ಆಗಿದೆ, ಹಂಚಲಿ, ಆದ್ರೆ ಅದು ಕಮಿಷನ್ಡ್ ಆಫೀಸರ್ ಅಲ್ಲ.

ಹಂತ 3: ಸಲ್ಯೂಟು

ಮೊದಲೇ ಹೇಳ್ಬಿಡ್ತೀನಿ, ನೀವು ಸಿವಿಲಿಯನ್ ಆಗಿದ್ರೆ ಯಾರಿಗೂ ಸಲ್ಯೂಟ್ ಹೊಡೀಬೇಕಾಗಿಲ್ಲ. ಕೈ ಮುಗೀರಿ, ಇಲ್ಲಾ ಅವ್ರು ಕೈ ಚಾಚಿದ್ರೆ ಶೇಕ್‌ಹ್ಯಾಂಡ್ ಕೊಡಿ, ಬಾಯಲ್ಲಿ ‘ಜೈ ಹಿಂದ್ ಸರ್’ ಅನ್ನಿ. ಅಷ್ಟೇ ಸಾಕು.

ಆದ್ರೂ ಗೊತ್ತಿರ್ಲಿ, ಮಕ್ಕಳಿಗೆ ಆಗಸ್ಟ್ ಹದಿನೈದಕ್ಕೆ ಹೇಳ್ಕೊಡೋಕಾದ್ರೂ ಬೇಕಾಗುತ್ತೆ. ಬಲಗೈ, ಐದೂ ಬೆರಳು ಜೋಡಿಸಿ, ಹೆಬ್ಬೆರಳು ಆಚೆ ಚಾಚದ ಹಾಗೆ ಬೆರಳುಗಳ ಪಕ್ಕಕ್ಕೇ ಒತ್ತಿಟ್ಟು ಎತ್ತಬೇಕು. ಇಲ್ಲಿವರೆಗೂ ಮೂರೂ ಒಂದೇ. ಆರ್ಮಿಯವ್ರದ್ದು ಅಂಗೈ ಪೂರ್ತಿ ಎದುರಿನವ್ರಿಗೆ ಕಾಣುತ್ತೆ, ನಡುಬೆರಳ ತುದಿ ಹುಬ್ಬಿನ ಹತ್ರ, ಟೋಪಿ ಪಟ್ಟಿ ಹತ್ರ. ನೇವಿಯವ್ರದ್ದು ಅಂಗೈ ನೆಲ ನೋಡುತ್ತೆ, ಎದುರಿಗಿರೋರಿಗೆ ಕೈಯ ಅಂಚು ಮಾತ್ರ ಕಾಣುತ್ತೆ. ಹಳೇ ಹಡಗುಗಳಲ್ಲಿ ಹಗ್ಗ, ಟಾರು, ಗ್ರೀಸು ಹಿಡಿದು ಹಿಡಿದು ಅಂಗೈ ಕೊಳೆಯಾಗಿರ್ತಿತ್ತು, ಅದನ್ನ ಮೇಲಿನವ್ರಿಗೆ ತೋರಿಸ್ಬಾರ್ದು ಅಂತ ಹಾಗೆ ಬಂತು ಅಂತ ನೇವಿಯವ್ರೇ ಹೇಳ್ಕೊಳ್ತಾರೆ. ಏರ್ ಫೋರ್ಸ್ ಸಲ್ಯೂಟ್ 2006ರವರೆಗೂ ಆರ್ಮಿ ಥರಾನೇ ಇತ್ತು, ಆ ವರ್ಷ ಬದಲಾಯಿಸಿ ಅಂಗೈ ನೆಲಕ್ಕೆ 45 ಡಿಗ್ರಿ ಓರೆ ಮಾಡಿದ್ರು, ಅಂದ್ರೆ ಆರ್ಮಿಗೂ ನೇವಿಗೂ ನಡುವೆ. ಹಾಗಾಗಿ ಹಳೇ ಫೋಟೋದಲ್ಲಿ ತಾತ ಏರ್ ಫೋರ್ಸ್ ಯೂನಿಫಾರ್ಮಲ್ಲಿ ಅಂಗೈ ಪೂರ್ತಿ ತೋರಿಸಿ ಸಲ್ಯೂಟ್ ಹೊಡೀತಿದ್ರೆ ತಪ್ಪು ಅಂತ ಕಾಮೆಂಟ್ ಹಾಕ್ಬೇಡಿ, ಆಗ ಅದೇ ಸರಿ.

ಜನ ಮಾಡೋ ತಪ್ಪುಗಳು: ಫ್ಯಾನ್ಸಿ ಡ್ರೆಸ್ಸಿಗೆ ಮಗುಗೆ ನೇವಿ ಬಿಳಿ ಬಟ್ಟೆ ಹಾಕ್ಸಿ ಆರ್ಮಿ ಸಲ್ಯೂಟ್ ಕಲಿಸೋದು. ಎಡಗೈಯಲ್ಲಿ ಫೋನ್ ಹಿಡ್ಕೊಂಡು ಬಲಗೈಯಲ್ಲಿ ಸಲ್ಯೂಟ್ ಹೊಡೆದು ಸೆಲ್ಫಿ. ಆಮೇಲೆ, ಮನೆಗೆ ರಜಕ್ಕೆ ಬಂದೋನಿಗೆ ಪಂಚೆ ಬನಿಯನ್ನಲ್ಲಿ ಇರುವಾಗ ‘ಒಂದು ಸಲ್ಯೂಟ್ ಹೊಡಿಯೋ ನೋಡೋಣ’ ಅಂತ ನೆಂಟರ ಮುಂದೆ ಹೇಳೋದು. ತಲೆ ಮೇಲೆ ಟೋಪಿ ಇಲ್ದಿದ್ರೆ ಸಾಮಾನ್ಯವಾಗಿ ಅವ್ರು ಕೈ ಎತ್ತಲ್ಲ, ಸಾವಧಾನ್ ಆಗಿ ನಿಂತು ಬಾಯಲ್ಲಿ ವಿಶ್ ಮಾಡ್ತಾರೆ. ಪಾಪ, ಹುಡುಗ ಮುಜುಗರ ಪಡ್ತಾನೆ, ನೆಂಟರು ಜಂಬ ಅಂದ್ಕೊಳ್ತಾರೆ. ಇನ್ನು ಕೈಯಲ್ಲಿ ರೈಫಲ್ ಹಿಡಿದು ನಿಂತಿರೋ ಸೆಂಟ್ರಿ, ಅಂದ್ರೆ ಗೇಟ್ ಕಾವಲಿನೋನು, ನಿಮ್ಮ ನಮಸ್ಕಾರಕ್ಕೆ ನಮಸ್ಕಾರ ಮಾಡ್ಲಿಲ್ಲ ಅಂತ ಬೇಜಾರಾಗ್ಬೇಡಿ, ಅವನ ಡ್ಯೂಟಿನೇ ಹಾಗೆ.

ಹಂತ 4: ಬಾಯಿ ಮಾತಿನ ನಮಸ್ಕಾರ

‘ಜೈ ಹಿಂದ್’ ಎಲ್ಲಾ ಕಡೆ ನಡೆಯುತ್ತೆ. ನೇತಾಜಿ ಅವ್ರ ಆಜಾದ್ ಹಿಂದ್ ಫೌಜಿಂದ ಜನಪ್ರಿಯ ಆಗಿದ್ದು, ಈಗ ಮೂರೂ ಫೋರ್ಸಲ್ಲೂ, ಪೊಲೀಸ್ ಪಡೆಗಳಲ್ಲೂ ಚಾಲ್ತಿಲಿದೆ.

ಆದ್ರೆ ಆರ್ಮಿ ಒಳಗೆ ಹೋದ್ರೆ ಇದಕ್ಕಿಂತ ರುಚಿಯಾದ ವಿಷಯ ಇದೆ. ಜಾಟ್ ರೆಜಿಮೆಂಟು, ರಾಜಪುತಾನಾ ರೈಫಲ್ಸ್ ಕಡೆ ಬೆಳಗಾದ್ರೆ ‘ರಾಮ್ ರಾಮ್ ಸಾಬ್’. ಸಿಖ್ ರೆಜಿಮೆಂಟಲ್ಲಿ ‘ಸತ್ ಶ್ರೀ ಅಕಾಲ್’. ಅಲ್ಲಿಗೆ ಪೋಸ್ಟಿಂಗ್ ಆದ ಆಫೀಸರ್ ಕೊಡಗಿನೋರಾಗಿರ್ಲಿ, ಕೇರಳದ ಕ್ರಿಶ್ಚಿಯನ್ ಆಗಿರ್ಲಿ, ತನ್ನ ಜವಾನರ ನಮಸ್ಕಾರಾನೇ ತನ್ನದು ಮಾಡ್ಕೊಳ್ತಾನೆ, ಅವ್ರ ಮಂದಿರ್ ಪರೇಡಿಗೋ ಗುರುದ್ವಾರಕ್ಕೋ ತಲೆ ಮೇಲೆ ಬಟ್ಟೆ ಹಾಕ್ಕೊಂಡು ಅವ್ರ ಜೊತೇನೇ ಕೂರ್ತಾನೆ. ಮಂದಿರ್ ಪರೇಡ್ ಅಂದ್ರೆ ಯೂನಿಟ್ಟಿನವ್ರೆಲ್ಲಾ ಸೇರಿ ಪೂಜೆ ಪ್ರಾರ್ಥನೆಗೆ ಕೂರೋದು. ಆರ್ಮಿಲಿ ಮಾತ್ರ ಹೀಗೆ ಯಾಕೆ ಅಂದ್ರೆ ಅಲ್ಲಿನ ಹಳೇ ಕಾಲಾಳು ರೆಜಿಮೆಂಟುಗಳನ್ನ ಬ್ರಿಟಿಷರು ಪ್ರದೇಶ, ಸಮುದಾಯ ನೋಡಿ ಕಟ್ಟಿದ್ರು, ಆ ಊರಿನ ದೇವ್ರು, ಆ ಊರಿನ ಮಾತು ಪಲ್ಟನ್ ಒಳಗೇ ಉಳೀತು. ನೇವಿ ಶಿಪ್ಪಲ್ಲಿ, ಏರ್ ಫೋರ್ಸ್ ಸ್ಕ್ವಾಡ್ರನ್ನಲ್ಲಿ ಎಲ್ಲಾ ರಾಜ್ಯದೋರೂ ಬೆರೆತೇ ಇರ್ತಾರೆ, ಅಲ್ಲಿ ಲೆಕ್ಕಕ್ಕೆ ಬರೋದು ಊರಲ್ಲ, ಮಾಡೋ ಟ್ರೇಡು, ಅಂದ್ರೆ ಕಲಿತ ಕೆಲಸ. ಅದಕ್ಕೆ ಅಲ್ಲಿ ‘ಗುಡ್ ಮಾರ್ನಿಂಗ್ ಸರ್’ ಇಲ್ಲಾ ‘ಜೈ ಹಿಂದ್ ಸರ್’, ಮುಗೀತು.

ನಮ್ಮ ಕನ್ನಡದ ಹುಡುಗ್ರು ಹೆಚ್ಚಾಗಿ ಸಿಗೋ ಕಡೆ ನೋಡಿ. ಬೆಳಗಾವಿಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಇದೆ, ಅವ್ರ ಘೋಷಣೆ ‘ಬೋಲ್ ಶ್ರೀ ಛತ್ರಪತಿ ಶಿವಾಜಿ ಮಹಾರಾಜ್ ಕಿ ಜೈ’, ಅಲ್ಲಿನ ಜವಾನರಿಗೆ ಸೈನ್ಯದಲ್ಲಿ ಪ್ರೀತಿಯ ಹೆಸರು ‘ಗಣಪತ್’. ಬೆಂಗಳೂರು ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದ್ರೆ ಎಂಇಜಿ, ಅವ್ರು ‘ತಂಬಿ’ಗಳು. ಕೂನೂರು ಹತ್ರ ವೆಲ್ಲಿಂಗ್ಟನ್ನಲ್ಲಿ ಮದ್ರಾಸ್ ರೆಜಿಮೆಂಟು, ‘ವೀರ ಮದ್ರಾಸಿ, ಅಡಿ ಕೊಲ್ಲು ಅಡಿ ಕೊಲ್ಲು’ ಅಂತ ಕೂಗೋದು ಅವ್ರೇ.

ಇಲ್ಲೊಂದು ಎಚ್ಚರಿಕೆ, ದಪ್ಪ ಅಕ್ಷರದಲ್ಲಿ ಬರೀಬೇಕಾದ್ದು. ಈ ಘೋಷಣೆಗಳು ನಮಸ್ಕಾರ ಅಲ್ಲ. ದಾಳಿಗೆ ನುಗ್ಗುವಾಗ, ಪರೇಡಲ್ಲಿ, ರೆಜಿಮೆಂಟಿನ ದಿನದಂದು ಕೂಗೋದು. ಮದುವೆ ಮನೇಲಿ ಮದ್ರಾಸ್ ರೆಜಿಮೆಂಟಿನ ರಿಟೈರ್ಡ್ ಸುಬೇದಾರ್ರು ಊಟಕ್ಕೆ ಕೂತಿರುವಾಗ ಹಿಂದಿಂದ ಹೋಗಿ ‘ಅಡಿ ಕೊಲ್ಲು’ ಅಂದ್ರೆ ಅವ್ರಿಗೆ ಏನನ್ಸುತ್ತೆ ಹೇಳಿ. ತಂಬಿ, ಗಣಪತ್ ಕೂಡ ಅಷ್ಟೇ, ಅವ್ರವ್ರ ನಡುವಿನ ಸಲುಗೆ, ಹೊರಗಿನವ್ರು ಕರೆದ್ರೆ ಅದೇ ಪದ ಹಗುರಾಗುತ್ತೆ. ‘ಹೌ ಈಸ್ ದ ಜೋಶ್’ ಕೂಡ ಹೀಗೇನೇ, ಒಂದು ಸಿನಿಮಾ ಆದ್ಮೇಲೆ ಸಿಕ್ಕಸಿಕ್ಕ ಫೌಜಿಗೆಲ್ಲಾ ಅದನ್ನೇ ಕೇಳ್ತಾರೆ. ಕೇಳಿ ಕೇಳಿ ಸಾಕಾಗಿದೆ ಅವ್ರಿಗೆ, ದಯವಿಟ್ಟು ಬಿಡಿ.

ಹಂತ 5: ಹೆಸರಿಗೆ ಬದಲು ಏನಂತ ಕರೀಬೇಕು

ಜೆಸಿಒಗಳಿಗೆ ಆರ್ಮಿಲಿ ‘ಸಾಬ್’ ಕಡ್ಡಾಯ ಅನ್ನಿ. ಕರ್ನಲ್ ಕೂಡ ‘ಸುಬೇದಾರ್ ಸಾಬ್’ ಅಂತಾನೇ ಕರೆಯೋದು, ಬರೀ ಹೆಸರು ಹಿಡಿದು ಕರೆಯಲ್ಲ. ಇಪ್ಪತ್ಮೂರು ವರ್ಷದ ಲೆಫ್ಟಿನೆಂಟಿಗೆ ಅಪ್ಪನ ವಯಸ್ಸಿನ ಸುಬೇದಾರ್ ಸಲ್ಯೂಟ್ ಹೊಡೀತಾರೆ, ಅವನು ಸಲ್ಯೂಟ್ ವಾಪಸ್ ಕೊಟ್ಟು ‘ಸಾಬ್’ ಅಂತಾನೆ. ಈ ಕೊಡುಕೊಳ್ಳೋದು ಎರಡೂ ಕಡೆ ಚೆನ್ನಾಗಿದ್ರೆ ಆ ಯೂನಿಟ್ಟು ಚೆನ್ನಾಗಿ ನಡೀತಿದೆ ಅಂತ ಅರ್ಥ.

ನೀವು ಕರೆಯೋವಾಗ ಕನ್ನಡದಲ್ಲಿ ‘ಸುಬೇದಾರ್ ಸಾಹೇಬ್ರೇ’ ಅನ್ನಿ, ಸಲೀಸಾಗಿ ಬರುತ್ತೆ. ಟ್ರೇನಿಂಗ್ ಸೆಂಟರಲ್ಲಿ ಮಗನಿಗೆ ಕಲಿಸೋ ಹವಾಲ್ದಾರ್, ನಾಯಕ್‌ಗಳನ್ನ ಹುಡುಗ್ರು ‘ಉಸ್ತಾದ್’ ಅಂತಾರೆ. ಹೊಸದಾಗಿ ಸೇರಿದ ಹುಡುಗನಿಗೆ ‘ರಂಗ್ರೂಟ್’ ಅಂತಾರೆ, ಬೈಗುಳ ಅಲ್ಲ ಅದು, ಗಾಬರಿಯಾಗ್ಬೇಡಿ. ನೇವಿಲಿ ಚೀಫ್ ಪೆಟಿ ಆಫೀಸರ್‌ಗೆ ‘ಚೀಫ್’, ಅದಕ್ಕೂ ಮೇಲಿನವ್ರಿಗೆ ‘ಮಾಸ್ಟರ್ ಚೀಫ್’. ಏರ್ ಫೋರ್ಸಲ್ಲಿ ವಾರಂಟ್ ಆಫೀಸರ್‌ಗೆ ‘ಸರ್’. ಯಾವ ರ‍್ಯಾಂಕೂ ಗೊತ್ತಾಗ್ಲಿಲ್ವಾ, ‘ಸರ್’, ಲೇಡಿ ಆಫೀಸರ್ ಆದ್ರೆ ‘ಮ್ಯಾಮ್’. ಈಗ ಹೆಣ್ಣುಮಕ್ಕಳು ಮೂರೂ ಕಡೆ ಇದಾರೆ, ಬೆಂಗಳೂರಿನ ಮಿಲಿಟರಿ ಪೊಲೀಸ್ ಸೆಂಟರಲ್ಲಿ ಮಹಿಳಾ ಅಗ್ನಿವೀರರ ಟ್ರೇನಿಂಗೇ ನಡೀತಿದೆ, ಹಾಗಾಗಿ ಯೂನಿಫಾರ್ಮಲ್ಲಿ ಹೆಣ್ಣುಮಗಳು ಕಂಡ್ರೆ ಡಾಕ್ಟ್ರೋ ನರ್ಸೋ ಅಂತ ಊಹೆ ಮಾಡೋ ಕಾಲ ಹೋಯ್ತು.

ಒಂದು ನಾಜೂಕಿನ ವಿಷಯ. ಜವಾನನ ಅಪ್ಪ ಅಮ್ಮ ಪರೇಡ್ ದಿನ ಆಫೀಸರ್ ಮುಂದೆ ಬಗ್ಗಿ ಬಗ್ಗಿ ಕೈ ಮುಗಿಯೋದು ನೋಡಿದೀನಿ. ಬೇಕಾಗಿಲ್ಲ. ಆ ದಿನ ನೀವು ಅತಿಥಿಗಳು, ಕೆಲವು ಸೆಂಟರ್‌ಗಳಲ್ಲಿ ಆಫೀಸರ್‌ಗಳೇ ಬಂದು ನಿಮ್ಮನ್ನ ಮಾತಾಡ್ಸ್ತಾರೆ. ನೆಟ್ಟಗೆ ನಿಂತು ನಮಸ್ಕಾರ ಮಾಡಿ, ‘ನಾವು ಇಂಥೋನ ತಂದೆ ತಾಯಿ, ಇಂಥ ಊರಿನೋರು’ ಅನ್ನಿ.

ಹಂತ 6: ಒಳಗಿನ ಭಾಷೆ, ಅಂದ್ರೆ ಸ್ಲ್ಯಾಂಗು

ಇದನ್ನ ಕಲೀಬೇಕಾಗಿರೋದು ಅರ್ಥ ಮಾಡ್ಕೊಳೋಕೆ, ಆಡೋಕಲ್ಲ. ಈ ಮಾತು ನೆನಪಿಟ್ಕೊಂಡು ಮುಂದೆ ಓದಿ.

ಮೊದಲು ಆರ್ಮಿ. ಮಗ ಸೆಂಟರಿಂದ ಫೋನ್ ಮಾಡಿ ಹೀಗಂತಾನೆ ಅಂತ ಇಟ್ಕೊಳ್ಳಿ: ‘ಅಮ್ಮ, ಬೆಳಗ್ಗೆ ನಾಲ್ಕೂವರೆಗೆ ಫಾಲಿನ್ ಇತ್ತು, ಪೀಟಿಲಿ ಉಸ್ತಾದ್ ರಗಡಾ ಕೊಟ್ರು, ಮಧ್ಯಾಹ್ನ ಫಟೀಗ್, ಲಂಗರಲ್ಲಿ ಊಟ ಆಯ್ತು, ರೋಲ್ ಕಾಲ್ ಆದ್ಮೇಲೆ ಫೋನ್ ಸಿಕ್ತು, ಭಾನುವಾರ ಔಟ್‌ಪಾಸ್ ಸಿಗ್ಬೋದು.’ ಅಮ್ಮ ಹೆದರಿ ಅಳ್ತಾ ಕೂರ್ತಾರೆ. ಅರ್ಥ ಇಷ್ಟೇ: ಫಾಲಿನ್ ಅಂದ್ರೆ ಸಾಲಾಗಿ ನಿಂತು ಹಾಜರಾಗೋದು. ರಗಡಾ ಅಂದ್ರೆ ತಪ್ಪು ಮಾಡಿದ್ದಕ್ಕೋ, ಎಷ್ಟೋ ಸಲ ಯಾರೋ ಒಬ್ಬ ಮಾಡಿದ ತಪ್ಪಿಗೆ ಎಲ್ಲಾರಿಗೂ ಸೇರಿಸಿಯೋ ಕೊಡೋ ಎಕ್ಸ್‌ಟ್ರಾ ಓಟ, ಫ್ರಂಟ್ ರೋಲ್, ಪುಷ್‌ಅಪ್. ಫಟೀಗ್ ಅಂದ್ರೆ ಕಸ ಹೊಡೆಯೋದು, ಹುಲ್ಲು ಕೀಳೋದು, ಸಾಮಾನು ಹೊರೋದು ಇಂಥ ಶ್ರಮದಾನದ ಕೆಲಸ. ಲಂಗರ್ ಜವಾನರ ಅಡುಗೆಮನೆ. ರೋಲ್ ಕಾಲ್ ಸಂಜೆ ಹಾಜರಿ, ನಾಳೆ ಯಾರಿಗೆ ಏನು ಡ್ಯೂಟಿ ಅಂತ ಅಲ್ಲೇ ಹೇಳೋದು. ಔಟ್‌ಪಾಸ್ ಅಂದ್ರೆ ಗೇಟಿಂದಾಚೆ ಹೋಗೋ ಚೀಟಿ. ಅಂದ್ರೆ ಮಗ ಆರಾಮಾಗೇ ಇದಾನೆ, ಮೈ ನೋವು ಅಷ್ಟೇ.

ಇನ್ನು ಕೆಲವು ಕಿವಿಗೆ ಬೀಳೋ ಪದಗಳು: ಪಲ್ಟನ್ ಅಂದ್ರೆ ತನ್ನ ಬೆಟಾಲಿಯನ್ನು, ಮನೆ ಹೆಸರು ಹೇಳೋ ಥರ ಹೇಳ್ತಾರೆ. ಬಡಾ ಖಾನಾ, ಆಫೀಸರಿಂದ ಹಿಡಿದು ಹೊಸ ಜವಾನನವರೆಗೂ ಒಟ್ಟಿಗೆ ಕೂತು ಉಣ್ಣೋ ದೊಡ್ಡ ಊಟ. ಬುಖಾರಿ, ಚಳಿ ಪ್ರದೇಶದಲ್ಲಿ ಬಂಕರ್ ಒಳಗೆ ಉರಿಯೋ ಒಲೆ, ಮೈ ಕಾಯಿಸ್ಕೊಳೋಕೆ. ದರ್ಬಾರ್ ಇಲ್ಲಾ ಸೈನಿಕ್ ಸಮ್ಮೇಳನ್, ಕಮಾಂಡಿಂಗ್ ಆಫೀಸರ್ ಎಲ್ಲಾರ್ನೂ ಕೂರಿಸ್ಕೊಂಡು ಮಾತಾಡೋ ದಿನ, ಕಷ್ಟಸುಖ ಹೇಳ್ಕೊಳೋಕೆ ಅವಕಾಶ ಸಿಗುತ್ತೆ. ಕಸಂ ಪರೇಡ್ ಅಂದ್ರೆ ಟ್ರೇನಿಂಗ್ ಮುಗಿದ ದಿನ ಪ್ರಮಾಣ ಮಾಡೋ ಪರೇಡು, ನಿಮ್ಮನ್ನ ಕರೆಯೋದು ಇದಕ್ಕೇ. ‘ಪೀಸ್’ ಪೋಸ್ಟಿಂಗ್ ಅಂದ್ರೆ ಶಾಂತವಾದ ಕಂಟೋನ್ಮೆಂಟು, ‘ಫೀಲ್ಡ್’ ಅಂದ್ರೆ ಗಡಿ ಕಡೆ, ಸಾಮಾನ್ಯವಾಗಿ ಹೆಂಡತಿ ಮಕ್ಕಳನ್ನ ಕರ್ಕೊಂಡು ಹೋಗೋಕಾಗಲ್ಲ. ಮದುವೆ ಮಾತುಕತೇಲಿ ಹುಡುಗ ‘ಫೀಲ್ಡಲ್ಲಿದೀನಿ’ ಅಂದ್ರೆ ಹೊಲದಲ್ಲಿದಾನೆ ಅಂದ್ಕೊಬೇಡಿ. ಎಎಲ್ ಅಂದ್ರೆ ವರ್ಷದ ರಜ, ಸಿಎಲ್ ಅಂದ್ರೆ ಸಣ್ಣ ರಜ. ರೆಗ್ಯುಲರ್ ಜವಾನರಿಗೆ ವರ್ಷಕ್ಕೆ 60 ದಿನ ಎಎಲ್, 30 ದಿನ ಸಿಎಲ್ ಇದೆ, ಅಗ್ನಿವೀರರಿಗೆ ವರ್ಷಕ್ಕೆ ಒಟ್ಟು 30 ದಿನ ಮಾತ್ರ. ‘ಪಕ್ಕದ ಮನೆ ಹುಡುಗ ಜಾತ್ರೆಗೂ ಬಂದ ದೀಪಾವಳಿಗೂ ಬಂದ, ನೀನ್ಯಾಕೆ ಬರಲ್ಲ’ ಅಂತ ಅಗ್ನಿವೀರ್ ಮಗನ ಮೇಲೆ ರೇಗ್ಬೇಡಿ.

ನೇವಿ ಭಾಷೆ ಪೂರ್ತಿ ಹಡಗಿನ ಭಾಷೆ, ಅದೂ ಜಾಸ್ತಿ ಇಂಗ್ಲಿಷು. ನೆಲ ಅಂದ್ರೆ ಡೆಕ್, ಗೋಡೆ ಅಂದ್ರೆ ಬಲ್ಕ್‌ಹೆಡ್, ಅಡುಗೆಮನೆ ಗ್ಯಾಲಿ, ಟಾಯ್ಲೆಟ್ಟಿಗೆ ಹೆಡ್ಸ್, ಎಡ ಪೋರ್ಟ್, ಬಲ ಸ್ಟಾರ್‌ಬೋರ್ಡ್. ಸೇಲರ್‌ಗಳು ಮಲಗೋ ಜಾಗ ಮೆಸ್ ಡೆಕ್, ಆಫೀಸರ್‌ಗಳ ಮೆಸ್ ವಾರ್ಡ್‌ರೂಮ್. ಲೇಟಾಗಿ ಬಂದ್ರೆ ‘ಅಡ್ರಿಫ್ಟ್’, ಹೊರಗೆ ಹೋಗೋ ಪರ್ಮಿಷನ್ನಿಗೆ ‘ಲಿಬರ್ಟಿ’, ಮಧ್ಯಾಹ್ನ ರಜ ಕೊಟ್ರೆ ‘ಮೇಕ್ ಅಂಡ್ ಮೆಂಡ್’, ಶಾಭಾಷ್ ಅನ್ನೋಕೆ ‘ಬ್ರಾವೋ ಝುಲು’. ಆರ್ಡರ್ ಕೊಟ್ರೆ ಆರ್ಮಿಯವ್ರು ‘ಠೀಕ್ ಹೈ ಸಾಬ್’ ಅಂದ್ರೆ ಇವ್ರು ‘ಆಯ್ ಆಯ್ ಸರ್’, ಅಂದ್ರೆ ಅರ್ಥ ಆಯ್ತು, ಮಾಡ್ತೀನಿ ಅಂತ.

ನೇವಿಯವ್ರ ಮನೆಯವ್ರು ಮೋಸ ಹೋಗೋ ಜಾಗ ಐಎನ್‌ಎಸ್, ಅಂದ್ರೆ ಇಂಡಿಯನ್ ನೇವಲ್ ಶಿಪ್ ಅನ್ನೋದು, ಹಡಗಿಗೂ ಅದೇ, ದಡದ ಮೇಲಿನ ನೆಲೆಗೂ ಅದೇ. ಮಗ ‘ಐಎನ್‌ಎಸ್ ಶಿವಾಜಿಗೆ ಪೋಸ್ಟಿಂಗ್’ ಅಂದ್ರೆ ಅಮ್ಮ ಸಮುದ್ರ ನೆನೆಸ್ಕೊಂಡು ದೇವ್ರಿಗೆ ಹರಕೆ ಹೊರ್ತಾರೆ. ಐಎನ್‌ಎಸ್ ಶಿವಾಜಿ ಇರೋದು ಲೋನಾವಳದ ಬೆಟ್ಟದ ಮೇಲೆ, ಎಂಜಿನಿಯರಿಂಗ್ ಟ್ರೇನಿಂಗ್ ಕೊಡೋ ಜಾಗ. ಸೇಲರ್‌ಗಳ ಮೊದಲ ಟ್ರೇನಿಂಗ್ ಒಡಿಶಾದ ಐಎನ್‌ಎಸ್ ಚಿಲ್ಕಾ, ಅದೂ ದಡದ ಮೇಲೇ. ನಮ್ಮ ಕಾರವಾರದ ಐಎನ್‌ಎಸ್ ಕದಂಬ ಕೂಡ ಹಡಗಲ್ಲ, ನೌಕಾನೆಲೆ. ಆದ್ರೆ ಐಎನ್‌ಎಸ್ ಮೈಸೂರು ನಿಜವಾದ ಯುದ್ಧನೌಕೆ, ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡ ಇದೆ. ದಡದ ಮೇಲಿದ್ರೂ ಅವ್ರು ಮಾತಾಡೋದು ಹಡಗಲ್ಲಿರೋ ಥರಾನೇ, ಬೆಟ್ಟದ ಮೇಲಿನ ಬಿಲ್ಡಿಂಗಲ್ಲೂ ಗೇಟಿಂದ ಹೊರಗೆ ಹೋಗೋದಕ್ಕೆ ‘ಗೋಯಿಂಗ್ ಅಶೋರ್’ ಅಂತಾರೆ. ನಾವು ಏರ್ ಫೋರ್ಸಿನೋರು ಇದಕ್ಕೆ ಸಾಕಷ್ಟು ನಕ್ಕಿದೀವಿ. ಇನ್ನೊಂದು, ಹಡಗು ನೋಡೋಕೆ ಬಿಟ್ಟ ದಿನ ನೀವು ಹೋದ್ರೆ, ಯೂನಿಫಾರ್ಮಿನವ್ರು ಏಣಿ ಹತ್ತಿ ಬಂದ ತಕ್ಷಣ ಹಿಂಭಾಗದ ಕಡೆ ತಿರುಗಿ ಸಲ್ಯೂಟ್ ಹೊಡೆಯೋದು ಕಾಣುತ್ತೆ, ಎದುರಿಗೆ ಯಾರೂ ಇರಲ್ಲ. ಅದು ಹಡಗಿಗೆ ಕೊಡೋ ಮರ್ಯಾದೆ, ನೀವು ನಕಲು ಮಾಡೋಕೆ ಹೋಗ್ಬೇಡಿ.

ಏರ್ ಫೋರ್ಸ್ ಭಾಷೆ ಸಪ್ಪೆ ಅಂತ ಉಳಿದೋರು ಅಂತಾರೆ, ಸ್ವಲ್ಪ ನಿಜಾನೇ. ಬೆಳಗಾವಿಯ ಸಾಂಬ್ರಾದಲ್ಲಿ ಏರ್‌ಮನ್ ಟ್ರೇನಿಂಗ್ ಸ್ಕೂಲ್ ಇದೆ, ಅಲ್ಲಿಂದ ಮಗ ಮಾತಾಡಿದ್ರೆ ಲಂಗರ್ ಅನ್ನಲ್ಲ, ಮೆಸ್ ಅಂತಾನೆ, ಮಲಗೋ ಕಟ್ಟಡಕ್ಕೆ ಬಿಲ್ಲೆಟ್ ಅಂತಾನೆ. ಯೂನಿಟ್ ಇರೋ ಜಾಗ ‘ಸ್ಟೇಷನ್’, ರೈಲ್ವೆ ಸ್ಟೇಷನ್ನಲ್ಲ. ಯಲಹಂಕ, ಜಾಲಹಳ್ಳಿ, ಬೀದರ್ ಎಲ್ಲಾ ಏರ್ ಫೋರ್ಸ್ ಸ್ಟೇಷನ್ನೇ. ವಿಮಾನ ಒಂದು ಸಲ ಹೋಗಿ ಬರೋದಕ್ಕೆ ಸಾರ್ಟಿ, ತುರ್ತಾಗಿ ಮೇಲೆ ಹಾರೋದಕ್ಕೆ ಸ್ಕ್ರ್ಯಾಂಬಲ್, ಫ್ಲೈಯಿಂಗ್ ಮಂದಿ ಒಬ್ಬರಿಗೊಬ್ಬರು ಹಾರೈಸೋದು ‘ಹ್ಯಾಪಿ ಲ್ಯಾಂಡಿಂಗ್ಸ್’.

ರೇಡಿಯೋ ಪದಗಳು ಮೂರಕ್ಕೂ ಸೇರಿದ್ದು. ‘ರೋಜರ್’ ಅಂದ್ರೆ ಕೇಳಿಸ್ಕೊಂಡೆ ಅಂತ ಮಾತ್ರ, ಆಯ್ತು ಅಂತಲ್ಲ, ಮಾಡ್ತೀನಿ ಅನ್ನೋಕೆ ‘ವಿಲ್ಕೋ’. ‘ಓವರ್’ ಅಂದ್ರೆ ನನ್ನ ಮಾತು ಆಯ್ತು ನೀನು ಹೇಳು, ‘ಔಟ್’ ಅಂದ್ರೆ ಮಾತುಕತೆ ಮುಗೀತು. ಸಿನಿಮಾದಲ್ಲಿ ಎರಡನ್ನೂ ಸೇರಿಸಿ ‘ಓವರ್ ಅಂಡ್ ಔಟ್’ ಅಂತಾರಲ್ಲ, ಅದು ಕೇಳಿದ್ರೆ ಸಿಗ್ನಲ್ಸ್‌ನೋರಿಗೆ ಮೈ ಉರಿಯುತ್ತೆ. ಟೈಮು 24 ಗಂಟೆ ಲೆಕ್ಕ, ‘ಸಿಕ್ಸ್‌ಟೀನ್ ಹಂಡ್ರೆಡ್’ ಅಂದ್ರೆ ಸಂಜೆ ನಾಲ್ಕು. ಅದಕ್ಕೆ ಬನ್ನಿ ಅಂದ್ರೆ ಮೂರೂಮುಕ್ಕಾಲಿಗೆ ಹೋಗಿ, ನಾಲ್ಕೂವರೆಗಲ್ಲ.

ಒಬ್ಬರನ್ನೊಬ್ಬರು ರೇಗಿಸೋದಂತೂ ಇದ್ದೇ ಇದೆ. ಏರ್ ಫೋರ್ಸಿನೋರಿಗೆ ಬರೀ ಏಸಿ ರೂಮು ಅಂತ ಆರ್ಮಿಯವ್ರು, ಆರ್ಮಿಯವ್ರಿಗೆ ಗುಂಡಿ ತೋಡೋದು ಬಿಟ್ರೆ ಏನ್ ಗೊತ್ತು ಅಂತ ನಾವು. ಮದುವೆ ಮನೇಲಿ ಮೂರೂ ಕಡೆಯೋರು ಸೇರಿದಾಗ ಇದು ನಡೀತಾನೇ ಇರುತ್ತೆ. ಕೂತು ನಗಿ, ಆದ್ರೆ ನೀವು ಯಾರ ಪರಾನೂ ಸೇರ್ಕೊಂಡು ಮಾತಾಡ್ಬೇಡಿ. ಅವ್ರವ್ರು ಬೈಕೊಂಡ್ರೆ ತಮಾಷೆ, ಹೊರಗಿನವ್ರು ಅಂದ್ರೆ ಮೂರೂ ಜನ ಒಂದಾಗಿ ನಿಮ್ಮ ಕಡೆ ತಿರುಗ್ತಾರೆ.

ಹಂತ 7: ವಿಶ್ ಮಾಡೋ ದಿನ

ಇದು ಬೇಗ ಮುಗಿಸ್ತೀನಿ. ಆರ್ಮಿ ಡೇ ಜನವರಿ 15, 1949ರಲ್ಲಿ ನಮ್ಮ ಕೊಡಗಿನ ಕಾರ್ಯಪ್ಪನವ್ರು ಮೊದಲ ಭಾರತೀಯ ಕಮಾಂಡರ್ ಇನ್ ಚೀಫ್ ಆಗಿ ಅಧಿಕಾರ ವಹಿಸ್ಕೊಂಡ ದಿನ. ನೇವಿ ಡೇ ಡಿಸೆಂಬರ್ 4, 1971ರ ಯುದ್ಧದಲ್ಲಿ ಕರಾಚಿ ಬಂದರಿನ ಮೇಲೆ ದಾಳಿ ಮಾಡಿದ ನೆನಪು. ಏರ್ ಫೋರ್ಸ್ ಡೇ ಅಕ್ಟೋಬರ್ 8, 1932ರಲ್ಲಿ ಶುರುವಾಗಿದ್ದು. ರಿಟೈರ್ ಆದೋರಿಗೆ ಜನವರಿ 14 ವೆಟರನ್ಸ್ ಡೇ ಇದೆ, ಅವತ್ತು ಒಂದು ಫೋನ್ ಮಾಡಿ, ತುಂಬಾ ಖುಷಿ ಪಡ್ತಾರೆ, ಸಂಕ್ರಾಂತಿ ಗಡಿಬಿಡಿಲಿ ಎಲ್ಲಾರೂ ಮರೀತಾರೆ. ಜನವರಿ 15ಕ್ಕೆ ನೇವಿಯವ್ರಿಗೆ ‘ಹ್ಯಾಪಿ ಆರ್ಮಿ ಡೇ’ ಅಂತ ಫಾರ್ವರ್ಡ್ ಕಳಿಸೋರೂ ಇದಾರೆ. ಕಳಿಸ್ಬೇಡಿ.

ಹಂತ 8: ವಿಳಾಸ ಮತ್ತೆ ಲಗ್ನಪತ್ರಿಕೆ

ಪಾರ್ಸೆಲ್ ಕಳಿಸೋವಾಗ ಆರ್ಮಿ ನಂಬರ್, ರ‍್ಯಾಂಕ್, ಹೆಸರು, ಯೂನಿಟ್ಟು, ಕೊನೆಗೆ ‘ಕೇರ್ ಆಫ್ 56 ಎಪಿಒ’ ಇಲ್ಲಾ ‘99 ಎಪಿಒ’ ಅಂತ ಅವನು ಕೊಟ್ಟ ಹಾಗೇ ಬರೀರಿ. ಎಪಿಒ ಅಂದ್ರೆ ಸೈನ್ಯದ ಪೋಸ್ಟ್ ಆಫೀಸು. ಅದರಲ್ಲಿ ಊರಿನ ಹೆಸರು ಇರಲ್ಲ, ಬೇಕಂತಾನೇ ಇರಲ್ಲ, ನೀವು ಒಳ್ಳೇದಕ್ಕೆ ಅಂತ ಊರು ಜಿಲ್ಲೆ ಸೇರಿಸ್ಬೇಡಿ. ನೇವಿಯವ್ರ ಶಿಪ್ಪಿಗಾದ್ರೆ ಫ್ಲೀಟ್ ಮೇಲ್ ಆಫೀಸ್ ಅಂತ ಬರುತ್ತೆ. ಫೋನಲ್ಲೂ ‘ಈಗ ಕರೆಕ್ಟಾಗಿ ಎಲ್ಲಿದೀಯಾ, ಎಷ್ಟು ಜನ ಇದೀರಾ, ಯಾವತ್ತು ಎಲ್ಲಿಗೆ ಹೊರಡ್ತೀರಾ’ ಅಂತ ಕೆದಕ್ಬೇಡಿ, ಅವನು ಹೇಳಿದ್ದನ್ನ ಫ್ಯಾಮಿಲಿ ಗ್ರೂಪಿಗೆ ಹಾಕೋದಂತೂ ಬೇಡ್ವೇ ಬೇಡ.

ಲಗ್ನಪತ್ರಿಕೆಲಿ ರಿಟೈರ್ ಆದ ಆಫೀಸರ್ ಹೆಸರು ಹಾಕೋವಾಗ ‘ನಿವೃತ್ತ ಕರ್ನಲ್ ಇಂಥೋರು’ ಅಂತ ಹಾಕೋದು ಬಿಟ್ಟು ‘ಕರ್ನಲ್ ಇಂಥೋರು (ನಿವೃತ್ತ)’ ಅಂತ ಹಾಕಿ. ರಿಟೈರ್ ಆಗಿರೋದು ಮನುಷ್ಯ, ರ‍್ಯಾಂಕಲ್ಲ ಅಂತ ಅವ್ರ ಲೆಕ್ಕ. ಸರ್ವೀಸ್ ಕೊನೇಲಿ ಕೆಲವು ಜೆಸಿಒಗಳಿಗೆ ಆನರರಿ ಲೆಫ್ಟಿನೆಂಟ್, ಆನರರಿ ಕ್ಯಾಪ್ಟನ್ ಅಂತ ಗೌರವ ರ‍್ಯಾಂಕ್ ಸಿಗುತ್ತೆ, ಅದನ್ನ ‘ಆನರರಿ’ ಸೇರಿಸೇ ಬರೀಬೇಕು, ಜಾಗ ಸಾಲ್ದು ಅಂತ ಪ್ರಿಂಟಿಂಗ್ ಪ್ರೆಸ್ಸಿನವ್ರು ಕತ್ತರಿಸೋಕೆ ಬಿಡ್ಬೇಡಿ. ಮತ್ತೆ ಪ್ರೂಫ್ ಬಂದ್ಮೇಲೆ ಆ ಒಂದು ಸಾಲಿನ ಫೋಟೋ ತೆಗೆದು ಅವ್ರಿಗೇ ವಾಟ್ಸಾಪ್ ಮಾಡಿ, ಸರಿ ಇದ್ರೆ ‘ಓಕೆ’ ಅಂತಾರೆ, ತಪ್ಪಿದ್ರೆ ಎರಡು ನಿಮಿಷದಲ್ಲಿ ಫೋನ್ ಬರುತ್ತೆ.